ಮಾವನ ಕಿವಿಗೆ ಬಿದ್ದ ಬೀಗ

ನಮ್ಮ ಕಟ್ಟಡದಲ್ಲಿ ನನಗೆ ‘ಟೆಕ್ನಿಕಲ್ ಸಾರ್’ ಎಂಬ ಬಿರುದಿದೆ. ಇದನ್ನು ಯಾವ ವಿಶ್ವವಿದ್ಯಾಲಯವೂ ಕೊಟ್ಟದ್ದಲ್ಲ. ಒಮ್ಮೆ ಇಡೀ ಕಟ್ಟಡದ ಇಂಟರ್‌ನೆಟ್ ಸತ್ತು, ಎಲ್ಲರೂ ಮೆಟ್ಟಿಲ ಮೇಲೆ ಸೇರಿ ಹಾಹಾಕಾರ ಮಾಡುತ್ತಿದ್ದಾಗ ನಾನು ಹೋಗಿ ಆ ಪೆಟ್ಟಿಗೆಯ ಪ್ಲಗ್ಗು ಕಿತ್ತು ಮತ್ತೆ ಸಿಕ್ಕಿಸಿದೆ. ಅದು ಬದುಕಿತು. ಅಂದಿನಿಂದ ಯಾರ ಮನೆಯಲ್ಲಿ ಏನು ಕೆಟ್ಟರೂ ನನಗೆ ಕರೆ ಬರುತ್ತದೆ. ಹೋಗುತ್ತೇನೆ, ಹುಬ್ಬು ಗಂಟಿಕ್ಕಿ ನೋಡುತ್ತೇನೆ, ಪ್ಲಗ್ಗು ಕೀಳುತ್ತೇನೆ, ಹಾಕುತ್ತೇನೆ. ಬಹುಪಾಲು ರೋಗಕ್ಕೆ ಇದೇ ಮದ್ದು. ವಾಸಿಯಾಗದಿದ್ದರೆ, ‘ಹಳೇ ಮಾಡೆಲ್ಲು, ಹೊಸದು ತಗೊಂಡ್ಬಿಡಿ’ ಎಂದು ಗಂಭೀರವಾಗಿ ಹೇಳಿ, ಕಾಫಿ ಕುಡಿದು ಬರುತ್ತೇನೆ. ಹೊಟ್ಟೆಪಾಡಿಗೆ ನಾನು ಕೊರಿಯರ್ ಕಚೇರಿಯಲ್ಲಿ ಪಾರ್ಸೆಲ್ ತೂಗಿ ಟೇಪು ಸುತ್ತುವವನು ಎಂಬುದು ಈ ಬಿರುದಿನ ಕೆಳಗೆ ಮುಚ್ಚಿಹೋಗಿದೆ.

ನಮ್ಮ ಜೊತೆಯಲ್ಲೇ ನನ್ನ ಮಾವ, ಅಂದರೆ ಹೆಂಡತಿಯ ತಂದೆ, ಇದ್ದಾರೆ. ರೈಲ್ವೆ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವರು. ನಿವೃತ್ತಿಯ ದಿನ ಇಲಾಖೆಯವರು ಮೈಕನ್ನು ವಾಪಸು ತೆಗೆದುಕೊಂಡರು, ಗಂಟಲನ್ನು ಮಾತ್ರ ಅವರ ಹತ್ತಿರವೇ ಬಿಟ್ಟರು. ಊಟಕ್ಕೆ ಕೂತಾಗಲೂ ‘ದಯವಿಟ್ಟು ಗಮನಿಸಿ, ಉಪ್ಪಿನ ಬಟ್ಟಲು ಈ ಕಡೆ ಬರಬೇಕಾಗಿದೆ’ ಎನ್ನುತ್ತಾರೆ. ಎರಡು ಸಲ ಹೇಳುತ್ತಾರೆ. ಎರಡನೆಯ ಸಲ ಹೇಳುವ ಹೊತ್ತಿಗೆ ಉಪ್ಪು ಬಂದಿದ್ದರೂ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸುವುದಿಲ್ಲ.

ಇಂಜಿನ್ನುಗಳ ಸದ್ದಿನಲ್ಲಿ ಬಾಳು ಕಳೆದ ಆ ಕಿವಿಗಳು ಈಗ ಕೈಕೊಟ್ಟಿವೆ. ಅದಕ್ಕೆ ಕಿವಿಯ ಮಿಷನ್ನು ಬಂತು. ಅದರ ಮೈಮೇಲೆ ಒಂದು ಗುಂಡಿಯೂ ಇಲ್ಲ, ಎಲ್ಲ ಫೋನಿನಿಂದಲೇ ಆಗಬೇಕು. ನನ್ನ ಹಳೆಯ ಫೋನನ್ನು ಮಾವನಿಗೆ ಕೊಟ್ಟೆ. ಅದರೊಳಗೆ ಕಂಪನಿಯ ಆ್ಯಪು. ಆ್ಯಪಿನೊಳಗೆ ‘ಹತ್ತಿರ’, ‘ದೂರ’ ಎಂಬ ಎರಡು ದಾರಿ. ಮನೆಯಲ್ಲಿ ಹತ್ತಿರದ್ದು, ಪಾರ್ಕಿನಲ್ಲಿ ಹಕ್ಕಿಗಳ ಸದ್ದು ಕೇಳಬೇಕೆಂದರೆ ದೂರದ್ದು.

ಈ ಮಿಷನ್ನಿನಿಂದ ನಮ್ಮ ಮನೆಗೆ ಆದ ಉಪಕಾರ ಅಷ್ಟಿಷ್ಟಲ್ಲ. ನನ್ನ ಹೆಂಡತಿಯದು ಮೆಲುದನಿ. ಬೈದರೂ ಪಕ್ಕದ ಕೋಣೆಗೆ ದಾಟುವುದಿಲ್ಲ. ಅವಳು ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಬಂದವಳೇ ಬಾಲ್ಕನಿಯಲ್ಲಿ ಅಪ್ಪನ ಪಕ್ಕ ಕೂತು, ಆ ದಿನ ಬಂದ ಕಾಲುಗಳ ಕಥೆ ಹೇಳುತ್ತಿದ್ದಳು. ಎಡಗಾಲಿಗೆ ಒಂದು ಅಳತೆ ಬಲಗಾಲಿಗೆ ಒಂದು ಅಳತೆ ಇದ್ದು, ಅದಕ್ಕೆ ಅಂಗಡಿಯವರೇ ಕಾರಣ ಎಂದು ಜಗಳ ತೆಗೆದ ವಕೀಲರು, ಒಂದೇ ಚಪ್ಪಲಿ ಸಾಕು ಎಂದು ಚೌಕಾಸಿ ಮಾಡಿದ ಅಜ್ಜಿ. ಮಾವ ಹೊಟ್ಟೆ ಹಿಡಿದು ನಗುತ್ತಿದ್ದರು. ನಾನು ಒಳಗೆ ಕೂತು ಆ ನಗೆ ಕೇಳುತ್ತಿದ್ದೆ. ಮನೆ ಎಂದರೆ ಇಷ್ಟೇ ಅಲ್ಲವೇ ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಬೆಳಗ್ಗೆ ಮಾವ ಪಾರ್ಕಿನಿಂದ ಬಂದವರೇ ಫೋನನ್ನು ನನ್ನ ಕೈಗಿಟ್ಟರು. ‘ಏನೋ ಉದ್ದಕ್ಕೆ ಬಂದಿದೆ ನೋಡಿ ಅಳಿಯಂದ್ರೇ, ನೀವು ಟೆಕ್ನಿಕಲ್ಲು’ ಎಂದರು. ಉದ್ದ ಎಂದರೆ ಬರೀ ಉದ್ದವೇ? ಓದಿ ಮುಗಿಸುವುದರೊಳಗೆ ನಾನೂ ನಿವೃತ್ತನಾಗಬಹುದಿತ್ತು. ಆದರೆ ‘ಒಪ್ಪಿದ್ದೇನೆ’ ಒತ್ತುವುದರಲ್ಲಿ ನನ್ನಷ್ಟು ಚುರುಕು ಬೆರಳು ಈ ಬೀದಿಯಲ್ಲೇ ಇಲ್ಲ. ಒತ್ತಿದೆ. ಪರದೆ ಒಮ್ಮೆ ಕಪ್ಪಾಗಿ ಬೆಳಗಿತು: ‘ನಿಮ್ಮ ಸಾಧನಕ್ಕೆ ನಮ್ಮ ಸೇವೆ ಮುಗಿದಿದೆ. ಇಷ್ಟು ಕಾಲ ನಮ್ಮೊಂದಿಗೆ ಇದ್ದುದಕ್ಕೆ ಧನ್ಯವಾದಗಳು.’

ಫೋನನ್ನು ಆರಿಸಿದೆ, ಹೊತ್ತಿಸಿದೆ. ಮತ್ತೆ ಧನ್ಯವಾದ ಬಂತು. ಮಾವನ ಕಿವಿ ‘ದೂರ’ದಲ್ಲೇ ಸಿಕ್ಕಿಕೊಂಡಿತು.

ಇದರ ಪರಿಣಾಮ ನಮಗೆ ತಿಳಿದದ್ದು ಮಧ್ಯಾಹ್ನ. ಹೆಂಡತಿ ಪಕ್ಕದಲ್ಲೇ ನಿಂತು ‘ಅಪ್ಪಾ, ಊಟಕ್ಕೆ ಬನ್ನಿ’ ಎಂದು ಕೂಗುತ್ತಿದ್ದಾಳೆ, ಮಾವ ಕಿಟಕಿಯಿಂದಾಚೆ ನೋಡುತ್ತಾ ಕೂತಿದ್ದಾರೆ. ಅಷ್ಟರಲ್ಲಿ ಎದುರು ಸಾಲಿನ ಮೂರನೇ ಮಹಡಿಯಲ್ಲಿ ಗಂಡನೊಬ್ಬ ಹೆಂಡತಿಗೆ ‘ದೊಡ್ಡ ಸೂಟ್‌ಕೇಸ್ ಎಲ್ಲಿಟ್ಟೆ?’ ಎಂದು ಕೇಳಿದನಂತೆ. ನಮಗೆ ಏನೂ ಕೇಳಿಸಲಿಲ್ಲ. ಮಾವ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ‘ದಯವಿಟ್ಟು ಗಮನಿಸಿ. ಸೂಟ್‌ಕೇಸ್ ಮಂಚದ ಕೆಳಗೆ ಇದೆ. ನಿಮ್ಮ ತಾಯಿಯವರ ಕಣ್ಣಿಗೆ ಬೀಳಬಾರದು ಎಂದು ನಿಮ್ಮ ಶ್ರೀಮತಿಯವರು ಬೆಳಗ್ಗೆ ತಮ್ಮ ತವರಿಗೆ ಫೋನಿನಲ್ಲಿ ತಿಳಿಸಿದ್ದಾರೆ.’ ಇದನ್ನೂ ಎರಡು ಸಲ ಹೇಳಿದರು. ಆ ಮನೆಯಲ್ಲಿ ಆ ತಾಯಿಯವರೂ ಇದ್ದರು.

ಮರುದಿನ ದಂತವೈದ್ಯರ ಸರದಿ. ನಮ್ಮ ಕಟ್ಟಡದ ಕೆಳಗಡೆಯೇ ಅವರ ಕ್ಲಿನಿಕ್ಕು. ಒಳಗೆ ಅವರು ನರ್ಸಮ್ಮನಿಗೆ ಪಿಸುಗುಟ್ಟಿದ್ದು ಮಾವನಿಗೆ ಮೇಲೆ ಕೇಳಿಸಿತು. ಕಾಯುತ್ತಾ ಹೊರಗೆ ಕೂತಿದ್ದ ರೋಗಿಗಳನ್ನು ಉದ್ದೇಶಿಸಿ ಮಾವ ಬಾಲ್ಕನಿಯಿಂದ ಪ್ರಕಟಿಸಿದರು: ‘ದಯವಿಟ್ಟು ಗಮನಿಸಿ. ಕೀಳಬೇಕಾಗಿದ್ದ ಹಲ್ಲಿನ ಬದಲು ಪಕ್ಕದ ಹಲ್ಲಿಗೆ ಇಂಜೆಕ್ಷನ್ ಆಗಿದೆ. ಪ್ರಯಾಣಿಕರಿಗೆ ಆಗುವ ಅಡಚಣೆಗೆ ವಿಷಾದಿಸುತ್ತೇವೆ.’ ದವಡೆ ಹಿಡಿದುಕೊಂಡು ಕೂತಿದ್ದವರು ದವಡೆ ಬಿಟ್ಟು ಓಡಿದರು.

ನಾನು ರಜೆ ಹಾಕಿ ಕಂಪನಿಯ ಸರ್ವೀಸ್ ಸೆಂಟರಿಗೆ ಹೋದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಅತಿ ವಿನಯದಿಂದ ಹೇಳಿದಳು: ‘ಸಾರ್, ನಿಮ್ಮ ಫೋನಿಗೆ ವಯಸ್ಸಾಗಿದೆ. ಮಿಷನ್ನಿಗೂ ವಯಸ್ಸಾಗಿದೆ.’

‘ಮಾವನಿಗೂ ವಯಸ್ಸಾಗಿದೆಯಮ್ಮ, ಅವರನ್ನೂ ಬದಲಾಯಿಸ್ಬೇಕಾ?’

‘ನಿಮ್ಮ ಸಲಹೆಯನ್ನು ದಾಖಲಿಸಿಕೊಂಡಿದ್ದೇನೆ ಸಾರ್.’

‘ಮಿಷನ್ನು ಚೆನ್ನಾಗೇ ಇದೆ. ಫೋನೂ ಚೆನ್ನಾಗೇ ಇದೆ. ಆ ಹತ್ತಿರ ಅನ್ನೋದನ್ನ ಒಂದ್ಸಲ ಒತ್ತಿಕೊಡಿ, ಸಾಕು. ಆಮೇಲೆ ನಾವು ನಿಮ್ಮ ತಂಟೆಗೇ ಬರಲ್ಲ.’

‘ಅದು ನಮ್ಮ ಕೈಯಲ್ಲೂ ಇಲ್ಲ ಸಾರ್. ಹಳೇ ಮಾಡೆಲ್ಲು, ಹೊಸದು ತಗೊಂಡ್ಬಿಡಿ.’

ನನ್ನದೇ ಮಾತು ನನ್ನ ಮುಖಕ್ಕೇ ಬಂದು ಬಡಿದಾಗ ಅದು ಇಷ್ಟು ನೋಯುತ್ತದೆಂದು ನನಗೆ ಗೊತ್ತಿರಲಿಲ್ಲ. ಹೊಸ ಫೋನು, ಹೊಸ ಮಿಷನ್ನು ಎರಡೂ ಸೇರಿದರೆ ನಮ್ಮ ಕೈಗೆಟುಕುವ ಮಾತಲ್ಲ. ಮನೆಗೆ ಬಂದರೆ ಬಾಲ್ಕನಿಯಲ್ಲಿ ಅಪ್ಪ ಮಗಳು ಪಕ್ಕಪಕ್ಕ ಕೂತಿದ್ದಾರೆ. ಅವಳು ಯಾವುದೋ ಕಾಲಿನ ಕಥೆ ಹೇಳಲು ಗಂಟಲು ಹರಿದುಕೊಂಡು ಕೂಗುತ್ತಿದ್ದಾಳೆ. ಅವರು ನಗಬೇಕಾದ ಜಾಗ ಯಾವುದೆಂದು ಅವಳ ಮುಖ ನೋಡಿ ಊಹಿಸಿ, ತಪ್ಪು ಜಾಗದಲ್ಲಿ ನಗುತ್ತಿದ್ದಾರೆ. ಅವಳು ಅರ್ಧಕ್ಕೇ ನಿಲ್ಲಿಸಿ ಎದ್ದು ಬಂದಳು. ‘ಬೀದಿ ಕೊನೇಲಿ ಯಾರೋ ಕೆಮ್ಮಿದ್ರೆ ಕೇಳ್ಸತ್ತೆ, ನನ್ ಮಾತು ಕೇಳ್ಸಲ್ಲ ರೀ’ ಎಂದಳು. ನನಗೆ ಬಹಳ ಬೇಜಾರಾಯಿತು.

ಮರುದಿನ ಕಚೇರಿಯಲ್ಲಿ ಪಾರ್ಸೆಲ್ಲುಗಳ ನಡುವೆ ಕೂತು ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಏನೆಂದು ಹುಡುಕಬೇಕೋ ತಿಳಿಯದೆ, ‘ಕಂಪನಿ ನಮ್ಮ ಮಾವನ ಕಿವಿ ಮುಚ್ಚಿದೆ’ ಎಂದೇ ಬರೆದೆ. ಅದು ನನ್ನನ್ನು ಒಂದು ವಿಚಿತ್ರ ಕಟ್ಟೆಗೆ ಕರೆದೊಯ್ದಿತು. ಅಲ್ಲಿ ಪರಸ್ಪರ ಮುಖವನ್ನೇ ಕಂಡಿರದ ಜನ ಸೇರಿ, ಕಂಪನಿಗಳು ಕೈಬಿಟ್ಟ ಫೋನುಗಳಿಗೆ ತಾವೇ ಸಿಸ್ಟಂ ಬರೆದು, ಬರೆದದ್ದನ್ನು ಯಾರು ಬೇಕಾದರೂ ಓದಲಿ, ತಿದ್ದಲಿ, ಬಳಸಲಿ ಎಂದು ಬಯಲಿನಲ್ಲಿ ಇಟ್ಟುಬಿಡುತ್ತಾರೆ. ಸಂಬಳ ಯಾರು ಕೊಡುತ್ತಾರೆ ಎಂದು ಹುಡುಕಿದೆ, ಸಿಗಲಿಲ್ಲ. ಅವರಲ್ಲಿ ‘ಆಮೆ’ ಎಂದು ಹೆಸರಿಟ್ಟುಕೊಂಡ ಒಬ್ಬರು ಇಂಥದೇ ಕಿವಿಯ ಮಿಷನ್ನಿಗೆ ಒಂದು ಆ್ಯಪು ಬರೆದಿದ್ದರು. ನನ್ನ ಗೋಳು ಬರೆದುಕೊಂಡೆ. ಉತ್ತರ ಬಂತು:

‘ಮೊದಲು ನಿಮ್ಮ ಮಾವನವರಿಗೆ ನಮಸ್ಕಾರ ಹೇಳಿ. ಎರಡನೆಯದಾಗಿ, ಇನ್ನು ಮೇಲೆ ನಾನು ಹೇಳುವವರೆಗೆ ಏನನ್ನೂ ಒತ್ತಬೇಡಿ.’

ನನ್ನ ಸ್ವಭಾವ ಅವರಿಗೆ ಅಷ್ಟು ದೂರದಿಂದ ಹೇಗೆ ತಿಳಿಯಿತೋ! ಫೋನಿಗೆ ಅದನ್ನು ಮಾಡಿದ ಕಂಪನಿ ಒಂದು ಬೀಗ ಹಾಕಿರುತ್ತದೆ, ತನ್ನ ಮುದ್ರೆ ಇಲ್ಲದ ಯಾವುದನ್ನೂ ಅದು ಒಳಗೆ ಬಿಡುವುದಿಲ್ಲ ಎಂದು ಆಮೆ ವಿವರಿಸಿದರು. ಮೊದಲು ಆ ಬೀಗ ತೆಗೆಯಬೇಕು, ಆಮೇಲೆ ಹಳೆಯ ಸಿಸ್ಟಂ ಅಳಿಸಿ ಹೊಸದನ್ನು ತುಂಬಬೇಕು. ನನ್ನ ಹೊಸ ಫೋನಿನ ಬೀಗ ತೆಗೆಯಲು ಬರುವುದೇ ಇಲ್ಲ, ಹಳೆಯದರದ್ದು ಬರುತ್ತದೆ. ಒಂದು ಕಂಪ್ಯೂಟರು ಬೇಕು, ಒಂದು ಕೇಬಲ್ಲು ಬೇಕು. ಕೆಲಸದ ನಡುವೆ ಕೇಬಲ್ಲು ಅಲುಗಿದರೆ ಫೋನು ಮತ್ತೆ ಏಳದೇ ಇರಬಹುದು.

ಇಷ್ಟು ತಿಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಬಿರುದು ಇದ್ದವನಿಗೆ ಬಾಯಿ ಮುಚ್ಚುವುದು ಕಷ್ಟ. ಲಿಫ್ಟಿನಲ್ಲಿ ನಿವಾಸಿಗಳ ಸಂಘದ ಅಧ್ಯಕ್ಷೆ ಸಿಕ್ಕರು. ‘ಏನ್ ಟೆಕ್ನಿಕಲ್, ಹೊಸದೇನಾದ್ರೂ?’ ಎಂದರು. ‘ಮಾವನ ಫೋನನ್ನ ಪೂರ್ತಿ ಓಪನ್ ಮಾಡ್ತಿದೀನಿ ಮೇಡಂ. ಇನ್ಮೇಲೆ ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಯಾರ ಅಂಕೆಯೂ ಇರಲ್ಲ’ ಎಂದು ಎದೆಯುಬ್ಬಿಸಿದೆ.

ಅಧ್ಯಕ್ಷೆಯ ಮುಖ ಬಿಳಿಚಿಕೊಂಡಿತು. ಅಂಕೆ ಇರುವಾಗಲೇ ಮಂಚದ ಕೆಳಗಿನ ಸೂಟ್‌ಕೇಸು ಗೊತ್ತಾಗುವ ಫೋನು, ಅಂಕೆ ಹೋದ ಮೇಲೆ ಏನೇನು ಮಾಡೀತು! ಅವರು ಲಿಫ್ಟಿನಿಂದ ಇಳಿದು ಅರ್ಧ ಗಂಟೆಯೊಳಗೆ, ನಾನು ಮಾವನ ಫೋನಿನಲ್ಲಿ ಎಲ್ಲರ ಮನೆಯ ಮಾತು ಕದಿಯುವ ಯಂತ್ರ ಇಟ್ಟಿದ್ದೇನೆ ಎಂದು ಇಡೀ ಕಟ್ಟಡ ತೀರ್ಮಾನಿಸಿತು.

ಆಮೇಲಿನ ದಿನಗಳನ್ನು ವರ್ಣಿಸುವುದು ಕಷ್ಟ. ನಮ್ಮ ಮೇಲಿನ ಮನೆಯವರು ಮಿಕ್ಸಿ ಓಡಿಸಿಕೊಂಡೇ ಮಾತಾಡತೊಡಗಿದರು. ಎದುರು ಮನೆಯ ಗಂಡಹೆಂಡಿರು ಕೈಸನ್ನೆಯಲ್ಲಿ ಜಗಳ ಆಡಿದರು. ಸನ್ನೆ ಸಾಲದಾದಾಗ ತಟ್ಟೆ ಎತ್ತಿಕೊಂಡರು. ಇದರ ಲಾಭ ಪಡೆದವರೂ ಇದ್ದರು. ಮೊದಲ ಮಹಡಿಯ ನಿವೃತ್ತ ಲೆಕ್ಚರರು ದಿನಾ ಸಂಜೆ ಬಾಲ್ಕನಿಗೆ ಬಂದು, ‘ನನ್ನಷ್ಟು ಸಾಧು ಮನುಷ್ಯ ಯಾರೂ ಇಲ್ಲ ಅಂತ ಕಾಲೇಜಿನಲ್ಲಿ ಎಲ್ರೂ ಹೇಳ್ತಿದ್ರು’ ಎಂದು ಮೆಲ್ಲಗೆ ಹೇಳಿ, ಮಾವ ಅದನ್ನು ಪ್ರಕಟಿಸುತ್ತಾರೇನೋ ಎಂದು ಕಾದು ನಿಲ್ಲುತ್ತಿದ್ದರು. ಮಾವ ಪ್ರಕಟಿಸಲಿಲ್ಲ. ಖಚಿತವಲ್ಲದ ಸುದ್ದಿಯನ್ನು ಅವರು ನಿಲ್ದಾಣದಲ್ಲೂ ಹೇಳಿದವರಲ್ಲ.

ಕೊನೆಗೆ ದಂತವೈದ್ಯರು ಪೊಲೀಸರಿಗೆ ದೂರು ಕೊಟ್ಟರು. ಇನ್‌ಸ್ಪೆಕ್ಟರು ಬಂದರು. ಕ್ಲಿನಿಕ್ಕಿನ ಮುಂಗೋಣೆಯಲ್ಲೇ ವಿಚಾರಣೆ. ಇಡೀ ಕಟ್ಟಡ ಅಲ್ಲಿ ನೆರೆದಿತ್ತು.

‘ಫೋನ್ ಯಾರದ್ದು?’

‘ನನ್ನದು ಸಾರ್. ಮಾವನಿಗೆ ಕೊಟ್ಟಿದೀನಿ.’

‘ಮಿಷನ್ನು?’

‘ಮಾವನದು.’

‘ಕಿವಿ?’

‘ಅದೂ ಅವರದ್ದೇ ಸಾರ್.’

‘ಮತ್ತೆ ಕೆಡಿಸಿದ್ದು ಯಾರು?’

‘ಕೆಟ್ಟಿಲ್ಲ ಸಾರ್. ಕಂಪನಿಯವರು ಮುಚ್ಚಿದಾರೆ.’

‘ಅವರದ್ದು ಏನ್ರೀ ಇದೆ ಇದರಲ್ಲಿ?’

‘ಒಪ್ಪಿಗೆ ಸಾರ್. ನಾನೇ ಒತ್ತಿದ್ದು.’

ಇನ್‌ಸ್ಪೆಕ್ಟರು ಪೆನ್ನು ಕೆಳಗಿಟ್ಟರು. ನನಗೆ ಎಲ್ಲಿತ್ತೋ ಧೈರ್ಯ, ಮಾತು ತಾನಾಗಿ ಬಂತು. ‘ಸಾರ್, ನಾನು ಪಾರ್ಸೆಲ್ ಕೆಲಸದವನು. ತಗೊಂಡವರು ಸಹಿ ಹಾಕಿದ್ಮೇಲೆ ಪಾರ್ಸೆಲ್ ಅವರದ್ದು. ಕಳಿಸಿದವನು ಆಮೇಲೆ ಅವರ ಮನೆಗೆ ನುಗ್ಗಿ, ಡಬ್ಬ ಹಳೇದಾಯ್ತು ಅಂತ ಮುಚ್ಚಳ ಬಡಿದು ಮೊಳೆ ಹೊಡೆದು ಹೋದ್ರೆ, ನೀವು ಯಾರನ್ನ ಹಿಡೀತೀರ? ನಾನು ಯಾರ ಮಾತೂ ಕದೀತಾ ಇಲ್ಲ. ನಮ್ಮನೆಯವಳ ಮಾತು ಅವರಪ್ಪನಿಗೆ ಕೇಳಿಸ್ಲಿ ಅಂತ ಒದ್ದಾಡ್ತಾ ಇದೀನಿ, ಅಷ್ಟೇ.’

ಇನ್‌ಸ್ಪೆಕ್ಟರು ಜೇಬಿನಿಂದ ತಮ್ಮ ಫೋನನ್ನು ತೆಗೆದು, ಅನುಮಾನದ ಮನುಷ್ಯನನ್ನು ನೋಡುವಂತೆ ಒಮ್ಮೆ ನೋಡಿ, ಮತ್ತೆ ಜೇಬಿಗೆ ಹಾಕಿದರು.

‘ಏನೇ ಮಾಡಿದ್ರೂ ಮುಚ್ಚಿದ ಬಾಗಿಲ ಹಿಂದೆ ಬೇಡ. ಎಲ್ರ ಎದುರಿಗೇ ಮಾಡ್ಲಿ’ ಎಂದರು ಅಧ್ಯಕ್ಷೆ. ನಾನು ಇದನ್ನು ಆಮೆಗೆ ಅಂಜುತ್ತಲೇ ಬರೆದೆ. ‘ತುಂಬ ಸಂತೋಷ. ನಾವು ಯಾವಾಗಲೂ ಹಾಗೇ ಮಾಡುವುದು’ ಎಂದು ಉತ್ತರ ಬಂತು.

ಹಲ್ಲಿನ ಎಕ್ಸ್‌ರೇ ನೋಡುವ ಕಂಪ್ಯೂಟರು ಅಲ್ಲೇ ಇತ್ತು. ಮಾವನನ್ನು ಹಲ್ಲಿನ ಕುರ್ಚಿಯಲ್ಲಿ ಕೂರಿಸಿದೆವು, ಪಕ್ಕದ ತಟ್ಟೆಯ ಮೇಲೆ ದೊಡ್ಡ ದೀಪದ ಕೆಳಗೆ ಫೋನನ್ನು ಮಲಗಿಸಿದೆವು. ಆಮೆ ಒಂದೊಂದೇ ಸಾಲು ಬರೆಯುತ್ತಾ ಹೋದರು, ಅಧ್ಯಕ್ಷೆ ಗಟ್ಟಿಯಾಗಿ ಓದಿದರು, ನಾನು ಒತ್ತಿದೆ. ಬಾಳಿನಲ್ಲಿ ಮೊದಲ ಬಾರಿಗೆ, ಓದಿದ ಮೇಲೆ ಒತ್ತಿದೆ. ಬೀಗ ತೆರೆಯಿತು. ಹೊಸ ಸಿಸ್ಟಂ ಇಳಿಯತೊಡಗಿತು. ಆಗಲೇ ನನ್ನ ಕಣ್ಣಿಗೆ ಬಿದ್ದದ್ದು: ಫೋನಿನ ತೂತು ಸವೆದು ಕೇಬಲ್ಲು ಲಟಪಟ ಅಲ್ಲಾಡುತ್ತಿದೆ. ನಾನು ಹಿಡಿದುಕೊಳ್ಳೋಣವೆಂದರೆ ನನ್ನ ಕೈಯೇ ಅದಕ್ಕಿಂತ ಹೆಚ್ಚು ನಡುಗುತ್ತಿದೆ.

‘ಸ್ವಲ್ಪ ಸರ್ಕೊಳ್ಳಿ’ ಎಂದರು ದಂತವೈದ್ಯರು. ಇಕ್ಕಳ ತೆಗೆದು, ಕೇಬಲ್ಲಿನ ಕುತ್ತಿಗೆಯನ್ನು ಹಿಡಿದು, ಕಲ್ಲಿನಂತೆ ನಿಂತರು. ನನ್ನ ಮೇಲೆ ದೂರು ಕೊಟ್ಟ ಮನುಷ್ಯ! ಹಣೆಯ ಬೆವರನ್ನು ನರ್ಸಮ್ಮ ಒರೆಸಿದರು. ‘ಪಕ್ಕದ ತೂತಿಗೆ ಹೋಗದ ಹಾಗೆ ನೋಡ್ಕೊಳ್ಳಿ ಡಾಕ್ಟ್ರೇ’ ಎಂದು ಹಿಂದಿನಿಂದ ಯಾರೋ ಅಂದರು. ಡಾಕ್ಟರು ತಿರುಗಿಯೂ ನೋಡಲಿಲ್ಲ. ಕೇಬಲ್ಲು ಕೂದಲೆಳೆಯಷ್ಟೂ ಕದಲಲಿಲ್ಲ. ಆ ಕೈಗಳಿಗೆ ನಾನು ಈಗಲೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಫೋನು ಎದ್ದಿತು. ಆಮೆಯ ಆ್ಯಪನ್ನು ಹಾಕಿದೆವು. ಮುದ್ರೆ ಯಾರದ್ದೆಂದು ಫೋನು ಕೇಳಲಿಲ್ಲ. ಕಂಪನಿ ಎರಡೇ ದಾರಿ ಕೊಟ್ಟಿದ್ದಲ್ಲಿ ಆಮೆ ಹತ್ತಾರು ಗೆರೆ ಇಟ್ಟಿದ್ದರು, ಯಾವುದನ್ನು ಎಷ್ಟು ಬೇಕಾದರೂ ಸರಿಸಬಹುದು. ನಾನು ‘ಹತ್ತಿರ’ ಎಂಬ ಗೆರೆಯನ್ನು ಮೆಲ್ಲಗೆ ಮೇಲಕ್ಕೆ ಎಳೆದೆ.

ಹೆಂಡತಿ ಕುರ್ಚಿಯ ಪಕ್ಕ ಬಗ್ಗಿದಳು. ಇಷ್ಟು ದಿನದ ಅಭ್ಯಾಸ. ಪ್ರಾಣವನ್ನೆಲ್ಲ ಗಂಟಲಿಗೆ ತಂದುಕೊಂಡು ‘ಅಪ್ಪಾ, ಕೇಳ್ಸ್ತಿದ್ಯಾ?’ ಎಂದು ಕಿರುಚಿದಳು.

ಮಾವ ಬೆಚ್ಚಿಬಿದ್ದರು. ‘ಯಾಕಮ್ಮ ಹೀಗೆ ಕೂಗ್ತೀಯಾ? ನಾನೇನು ಕಿವುಡನಾ?’

ಅವಳು ನಗುತ್ತಾ ಅತ್ತುಬಿಟ್ಟಳು. ಕಾಯುವ ಬೆಂಚಿನ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಇನ್‌ಸ್ಪೆಕ್ಟರು ದೂರನ್ನು ಮಡಚಿ ಡಾಕ್ಟರ ಕೈಗೇ ಕೊಟ್ಟರು. ‘ದೂರ’ದ ಗೆರೆಯನ್ನು ಪಾರ್ಕಿನಲ್ಲಿ ಮಾತ್ರ ಮುಟ್ಟುತ್ತೇನೆ ಎಂದು ಮಾವ ಅಲ್ಲೇ, ಎರಡು ಸಲ, ಪ್ರಮಾಣ ಮಾಡಿದರು. ಅಧ್ಯಕ್ಷೆ ನನ್ನನ್ನು ಪಕ್ಕಕ್ಕೆ ಕರೆದು, ‘ನಂದೂ ಒಂದು ಹಳೇ ಫೋನಿದೆ, ಹೊಸದು ತಗೊಳ್ಳಿ ಅಂತ ನೀವೇ ಹೇಳಿದ್ರಿ’ ಎಂದರು. ‘ತನ್ನಿ ಮೇಡಂ, ಕೇಳ್ಕೊಂಡು ನೋಡೋಣ’ ಎಂದೆ. ‘ಕೇಳ್ಕೊಂಡು’ ಎಂಬ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ಅವರಿಗೆ ಆಶ್ಚರ್ಯವಾಯಿತು.

ಆದರೆ ಆಮೆಗೆ ಏನು ಕೊಡುವುದು? ಹಣ ಬೇಡವೆಂದರು. ಊರು ಯಾವುದು, ಹೆಸರು ಏನು, ಒಂದೂ ನಮಗೆ ತಿಳಿಯದು. ನಮ್ಮ ಮನೆಯ ನಗೆಯನ್ನು ನಮಗೆ ತಿರುಗಿ ಕೊಟ್ಟ ಮನುಷ್ಯನಿಗೆ ಬರೀ ಅಕ್ಷರದಲ್ಲಿ ‘ಥ್ಯಾಂಕ್ಸ್’ ಎಂದು ಬರೆದು ಸುಮ್ಮನಾಗಲು ನನಗೆ ಮನಸ್ಸು ಬರಲಿಲ್ಲ. ‘ಅಪ್ಪನ ದನಿಯಲ್ಲೇ ಕಳಿಸೋಣ ರೀ’ ಎಂದಳು ಹೆಂಡತಿ. ಮಾವ ತಲೆ ಬಾಚಿಕೊಂಡು, ಶರಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಫೋನಿನ ಮುಂದೆ ನಿಂತರು. ‘ದಯವಿಟ್ಟು ಗಮನಿಸಿ. ತಡವಾಗಿದ್ದ ನನ್ನ ಮಗಳ ಮಾತು ತಮ್ಮ ಕೃಪೆಯಿಂದ ನನ್ನ ಕಿವಿಯನ್ನು ಸುಖವಾಗಿ ತಲುಪಿದೆ. ತಾವು ಎಲ್ಲಿದ್ದರೂ ಚೆನ್ನಾಗಿರಬೇಕು.’ ಗೋಡೆಯ ಗಡಿಯಾರದ ಗಾಜು ಸಣ್ಣಗೆ ನಡುಗಿತು. ಎಂದಿನಂತೆ ಎರಡನೆಯ ಸಲವೂ ಹೇಳಿದರು.

ಒಂದು ವಾರವಾದರೂ ಉತ್ತರ ಬರಲಿಲ್ಲ. ಬಂದ ದಿನ ಹೆಂಡತಿ ಅದನ್ನು ಬಾಲ್ಕನಿಯಲ್ಲಿ ಅಪ್ಪನ ಪಕ್ಕ ಕೂತು, ತನ್ನ ಎಂದಿನ ಮೆಲುದನಿಯಲ್ಲೇ ಓದಿದಳು:

‘ನನಗೂ ಚಿಕ್ಕಂದಿನಿಂದ ಕಿವಿ ಕೇಳಿಸುವುದಿಲ್ಲ. ನನ್ನ ಮಿಷನ್ನಿಗೂ ಕಂಪನಿಯವರು ಹೀಗೇ ಧನ್ಯವಾದ ಹೇಳಿದ ಮೇಲೆ ಈ ಆ್ಯಪು ಬರೆದುಕೊಂಡೆ. ನಿಮ್ಮ ಮಾವನವರ ಮಾತು ಒಂದಕ್ಷರ ತಪ್ಪದೆ ಕೇಳಿಸಿತು. ಸ್ವಲ್ಪ ಜೋರಾಯಿತು. ಕಡಿಮೆ ಮಾಡಿಕೊಂಡು ಇನ್ನೊಮ್ಮೆ ಕೇಳಿದೆ.’

ಮಾವ ನನ್ನ ಕಡೆ ನೋಡಿ, ‘ಇಡೀ ಸರ್ವೀಸು ಅನೌನ್ಸ್ ಮಾಡ್ದೆ ಅಳಿಯಂದ್ರೇ. ಕೇಳಿಸ್ಲಿಲ್ಲ ಅಂತ ದೂರು ಬರೆದವರು ಬೇಕಾದಷ್ಟು ಜನ. ಕೇಳಿಸ್ತು ಅಂತ ಬರೆದವನು ಇವನೊಬ್ಬನೇ’ ಎಂದರು.

ಮತ್ತೆ ಮಗಳ ಕಡೆ ತಿರುಗಿ, ನನಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ, ‘ಇನ್ನೊಂದ್ಸಲ ಓದಮ್ಮ’ ಎಂದರು.